ಖಾಲಿ ಬಿಡಬೇಕಾದ ಗುಂಡಿಗಳು

ನಾಲ್ಕು ರಿಮೋಟುಗಳ ಕೆಲಸ ಒಂದರಲ್ಲೇ ಆಗುವಂತೆ ಮಾಡಿಕೊಡುತ್ತೇನೆಂದು ನಿನ್ನಮ್ಮನಿಗೆ ಮಾತು ಕೊಟ್ಟಿದ್ದೀಯಂತೆ. ಒಳ್ಳೆಯದು ಮಗಾ. ಮುಲುಂಡಿನ ಆ ಹಾಲ್‌ನಲ್ಲಿ ಟಿವಿಗೊಂದು, ಸೆಟ್‌ಟಾಪ್ ಬಾಕ್ಸಿಗೊಂದು, ಸೌಂಡ್‌ಬಾರಿಗೊಂದು, ನೀನೇ ತಂದು ಸಿಕ್ಕಿಸಿದ ಸ್ಟ್ರೀಮಿಂಗ್ ಸ್ಟಿಕ್ಕಿಗೊಂದು ಅಂತ ಟೀಪಾಯಿಯ ಮೇಲೆ ಚಹಾದ ಲೋಟ ಇಡಲೂ ಜಾಗವಿಲ್ಲ. ಆದರೆ ಹೊಸ ರಿಮೋಟಿನ ಪೆಟ್ಟಿಗೆ ಒಡೆಯುವ ಮೊದಲು ಈ ಚಿಕ್ಕಮ್ಮನ ಮಾತು ಸ್ವಲ್ಪ ಕೇಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು ನಾನು, ತಂತಿ-ಸಿಗ್ನಲ್ಲುಗಳಿಗೆ ಹೆದರುವವಳಲ್ಲ. ಹೆದರಿಕೆ ಇರುವುದು ನಿನ್ನ ಉತ್ಸಾಹದ್ದು.

ಐವತ್ತು ಗುಂಡಿಗಳಿವೆ ಎಂದು ಐವತ್ತಕ್ಕೂ ಕೆಲಸ ಹಚ್ಚಬೇಡ. ಯಾವುದನ್ನು ಖಾಲಿ ಬಿಡಬೇಕೆಂದು ಮೊದಲು ತೀರ್ಮಾನಿಸು. ಅದಕ್ಕೆ ಯಾವ ಪುಸ್ತಕವೂ ಬೇಡ, ಮನೆಯ ಹಳೆಯ ರಿಮೋಟುಗಳನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರೆ ಸಾಕು. ಧ್ವನಿಯ ಗುಂಡಿಯ ಮೇಲಿನ ಬಿಳಿ ಬಣ್ಣ ಅಳಿಸಿಹೋಗಿರುತ್ತದೆ. ಚಾನೆಲ್ ಗುಂಡಿಯ ರಬ್ಬರು ಸವೆದಿರುತ್ತದೆ. ಕೆಂಪು, ಹಸಿರು, ಹಳದಿ, ನೀಲಿ ಗುಂಡಿಗಳು ಮಾತ್ರ ಅಂಗಡಿಯಿಂದ ತಂದ ದಿನದಂತೆಯೇ ಹೊಳೆಯುತ್ತಿರುತ್ತವೆ. ಸವೆದದ್ದೆಲ್ಲ ಬೇಕು, ಹೊಳೆಯುವುದೆಲ್ಲ ಬೇಡ.

ಸವೆಯದಿದ್ದರೂ ಮನೆಯ ಶಾಂತಿ ಕೆಡಿಸುವ ಗುಂಡಿ ಒಂದಿದೆ: ಸೋರ್ಸ್ ಅಥವಾ ಇನ್‌ಪುಟ್ ಎಂದು ಬರೆದಿರುತ್ತದೆ. ಭಾವ ಕತ್ತಲಲ್ಲಿ ಧ್ವನಿ ಏರಿಸಲು ಹೋಗಿ ಅದನ್ನು ಒತ್ತುತ್ತಾರೆ, ಪರದೆಯ ಮೇಲೆ ‘ನೋ ಸಿಗ್ನಲ್’ ಎಂದು ಬರುತ್ತದೆ, ಅಕ್ಕ ಕೇಬಲ್‌ವಾಲಾನಿಗೆ ಫೋನ್ ಮಾಡಿ ಬೈಯುತ್ತಾಳೆ. ಅವನ ತಪ್ಪು ಏನೂ ಇರುವುದಿಲ್ಲ, ಪಾಪ. ಟಿವಿ ಸೆಟ್‌ಟಾಪ್ ಬಾಕ್ಸಿನ ಕಡೆಯಿಂದ ಕಣ್ಣು ತೆಗೆದು, ಏನೂ ಸಿಕ್ಕಿಸದ ಬೇರೆ ಕಿಂಡಿಯ ಕಡೆ ನೋಡುತ್ತಾ ಕೂತಿರುತ್ತದೆ, ಅಷ್ಟೆ. ಸ್ಟಿಕ್ಕಿಗೆ ಹೋಗಿಬರಲು ಸೋರ್ಸ್ ಬೇಕಲ್ಲ ಎನ್ನುತ್ತೀಯ. ಆ ಕೆಲಸವನ್ನು ಮೂಲೆಯ ಎರಡು ಗುಂಡಿಗಳಿಗೆ ಹಂಚು: ಒಂದಕ್ಕೆ ನೇರವಾಗಿ ಮೊದಲ ಎಚ್‌ಡಿಎಂಐ, ಇನ್ನೊಂದಕ್ಕೆ ಎರಡನೆಯದು. ಟಿವಿ ಹಾಗೆ ನೇರ ಆಜ್ಞೆ ಕೇಳುವುದಾದರೆ ಮಾತ್ರ. ಕೇಳದಿದ್ದರೆ ಟಿವಿಯ ಸ್ವಂತ ರಿಮೋಟು ಕಪಾಟಿನಲ್ಲಿ ಇರಲಿ, ಬೇಕಾದಾಗ ತೆಗೆಯುತ್ತಾರೆ.

ನಿನ್ನ ಕಾಲದವರಿಗೆ ಈ ಗೊಂದಲ ಹುಟ್ಟಿನಿಂದಲೇ ಇದ್ದಂತೆ ಕಾಣಬಹುದು. ಹಾಗಲ್ಲ. 1972ರ ಅಕ್ಟೋಬರ್ 2ರಂದು ಮುಂಬಯಿ ದೂರದರ್ಶನ ಶುರುವಾದಾಗ ಚಾನೆಲ್ ಬದಲಿಸುವ ಪ್ರಶ್ನೆಯೇ ಇರಲಿಲ್ಲ. ಆಮೇಲೆ ಟೆರೇಸಿನಿಂದ ಟೆರೇಸಿಗೆ ಕೇಬಲ್ ಹಾರಿತು. ಆಗಲೂ ವೈರು ನೇರ ಟಿವಿಯ ಬೆನ್ನಿಗೇ ಬರುತ್ತಿತ್ತು, ಟಿವಿಯ ರಿಮೋಟೇ ಎಲ್ಲಕ್ಕೂ ಯಜಮಾನ. 2007ರಲ್ಲಿ ದಕ್ಷಿಣ ಮುಂಬಯಿಯ ಕೆಲವು ಭಾಗಗಳಿಗೆ ಸೆಟ್‌ಟಾಪ್ ಬಾಕ್ಸ್ ಬಂತು. ಉಳಿದ ನಮಗೆಲ್ಲ 2012ರ ಅಕ್ಟೋಬರ್ 31 ಗಡುವಾಯಿತು, ಹಳೆಯ ಅನಲಾಗ್ ಕೇಬಲ್ ನಿಂತಿತು. ಅಂದಿನಿಂದ ಮನೆಗೆ ಎರಡು ರಿಮೋಟು. ಚಾನೆಲ್ಲಿಗೆ ಒಂದು, ಧ್ವನಿಗೆ ಇನ್ನೊಂದು. ಭಾವ ಎರಡನ್ನೂ ಅಕ್ಕಪಕ್ಕ ಇಟ್ಟು ರಬ್ಬರ್ ಬ್ಯಾಂಡ್ ಸುತ್ತಿದರು. ನೀನು ಈಗ ಮಾಡಲು ಹೊರಟಿರುವುದರ ಮೊದಲ ಆವೃತ್ತಿ ಅದೇ!

ಇನ್ನು ಕೆಲಸದ ವಿಷಯ. ರಿಮೋಟಿನ ಮೂತಿಯಲ್ಲಿರುವ ದೀಪ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಿಡುತ್ತದೆ. ಬಹಳಷ್ಟು ಕಂಪನಿಗಳಲ್ಲಿ ಅದು ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿಟುಕುವ ಲೆಕ್ಕದಲ್ಲಿರುತ್ತದೆ, ಆ ಮಿಟುಕಿನ ನಡುನಡುವೆ ಬಿಡುವ ಅಂತರಗಳೇ ಆಜ್ಞೆ. ದೀಪ ಬದುಕಿದೆಯೋ ಎಂದು ನೋಡಲು ಫೋನಿನ ಸೆಲ್ಫಿ ಕ್ಯಾಮೆರಾದ ಮುಂದೆ ಹಿಡಿದು ಗುಂಡಿ ಒತ್ತು. ಸಾಮಾನ್ಯವಾಗಿ ನೇರಳೆ ಬಣ್ಣದ ಮಿನುಗು ಕಾಣುತ್ತದೆ.

ಈ ಭಾಷೆಯನ್ನು ಹೊಸ ರಿಮೋಟಿಗೆ ಕಲಿಸಲು ಎರಡು ದಾರಿ. ಮೊದಲನೆಯದು ಕೋಡ್ ನಂಬರು. ಕಂಪನಿಯ ಹೆಸರಿನ ಎದುರು ಪಟ್ಟಿಯಲ್ಲಿ ಏಳೆಂಟು ನಂಬರು ಇರುತ್ತವೆ, ಒಂದೊಂದನ್ನೇ ಹಾಕಿ ನೋಡಬೇಕು. ಇಲ್ಲಿ ಎಲ್ಲ ಹುಡುಗರೂ ಅವಸರ ಮಾಡುತ್ತಾರೆ: ಟಿವಿ ಆಫ್ ಆಯಿತು, ಧ್ವನಿ ಏರಿತು, ಸರಿ, ಮುಗಿಯಿತು ಎಂದು ಎದ್ದುಬಿಡುತ್ತಾರೆ. ಒಂದು ಕೋಡು ಅವೆರಡನ್ನು ಮಾಡಿ, ಮ್ಯೂಟ್ ಮಾಡದೆ ಇರಬಹುದು, ಮೆನು ತೆರೆಯದೆ ಇರಬಹುದು. ಬೇಕಾದ ಗುಂಡಿಗಳನ್ನೆಲ್ಲ ಒತ್ತಿ ನೋಡಿದ ಮೇಲೆಯೇ ಆ ಕೋಡನ್ನು ಒಪ್ಪಿಕೋ. ತಾನಾಗಿ ಹುಡುಕುವ ವ್ಯವಸ್ಥೆ ಇದ್ದರೆ ಇನ್ನೂ ನಿಧಾನ ಬೇಕು. ಟಿವಿ ಆರಿದ ಕೂಡಲೆ ಕೈ ನಿಲ್ಲದಿದ್ದರೆ ಸರಿಯಾದ ಕೋಡು ದಾಟಿ ಮುಂದೆ ಹೋಗಿರುತ್ತದೆ.

ಎರಡನೆಯದು, ಹಳೆಯ ರಿಮೋಟಿನಿಂದಲೇ ಕಲಿಸುವುದು. ನನಗೆ ಇದೇ ಹೆಚ್ಚು ಇಷ್ಟ. ಸೆಟ್‌ಟಾಪ್ ಬಾಕ್ಸಿನ ಅನೇಕ ರಿಮೋಟುಗಳಲ್ಲೇ ಟಿವಿಗಾಗಿ ನಾಲ್ಕೈದು ಗುಂಡಿಗಳು ಹೀಗೆ ಕಲಿಯಲು ಕಾದಿರುತ್ತವೆ, ಹೊಸದನ್ನು ಕೊಳ್ಳುವ ಮೊದಲು ನೀನು ಅದನ್ನು ನೋಡಿದ್ದೀಯೋ ಇಲ್ಲವೋ, ನಾನು ಕೇಳುವುದಿಲ್ಲ. ಹಳೆಯ ರಿಮೋಟು, ಕಲಿಯುವ ರಿಮೋಟು ಎರಡಕ್ಕೂ ಹೊಸ ಸೆಲ್ ಹಾಕು. ಮೇಜಿನ ಮೇಲೆ ಮೂತಿಗೆ ಮೂತಿ ಎದುರಾಗಿ, ಎರಡು ಮೂರು ಬೆರಳಿನ ಅಂತರದಲ್ಲಿ ಇಡು. ಕಿಟಕಿಯ ಬಿಸಿಲು ನೇರ ಬೀಳದಿರಲಿ, ಟ್ಯೂಬ್‌ಲೈಟ್ ಆರಿಸು. ಗುಂಡಿಯನ್ನು ಹಿಡಿದು ಕೂರಬೇಡ, ಒಮ್ಮೆ ಒತ್ತಿ ಬಿಡು. ಹೆಚ್ಚು ಹೊತ್ತು ಒತ್ತಿದರೆ ಕೆಲವು ರಿಮೋಟುಗಳು ಆಜ್ಞೆಯನ್ನು ಒಮ್ಮೆ ಹೇಳಿ, ಆಮೇಲೆ ‘ಹಿಂದಿನದನ್ನೇ ಮಾಡು’ ಎಂಬ ಚಿಕ್ಕ ಸಂಕೇತವನ್ನಷ್ಟೇ ಕಳಿಸುತ್ತಾ ಹೋಗುತ್ತವೆ. ಹೊಸದು ಅದನ್ನೂ ನುಂಗಿ ಗೊಂದಲಕ್ಕೆ ಬೀಳಬಹುದು. ಸ್ಟಿಕ್ಕಿನ ರಿಮೋಟು ಬ್ಲೂಟೂತ್ ಆಗಿದ್ದರೆ ಮಾತ್ರ ಅದನ್ನು ಕಲಿಸಲು ಹೋಗಿ ಭಾನುವಾರ ಹಾಳು ಮಾಡಬೇಡ. ಬೆಳಕೇ ಇಲ್ಲದ ಕಡೆ ಬೆಳಕಿನಿಂದ ಏನು ಕಲಿಯುತ್ತದೆ?

ಒಂದೇ ಗುಂಡಿ ಒತ್ತಿದರೆ ಟಿವಿ, ಬಾಕ್ಸು, ಸೌಂಡ್‌ಬಾರು ಮೂರೂ ಎದ್ದು ಕೂರಬೇಕೆಂದು ನಿನಗೆ ಆಸೆ ಇರುತ್ತದೆ. ಅಲ್ಲಿ ಹುಷಾರು. ಪವರ್ ಗುಂಡಿಗೆ ಸಾಮಾನ್ಯವಾಗಿ ಆನ್‌ಗೂ ಆಫ್‌ಗೂ ಒಂದೇ ಸಂಕೇತ. ನಿನ್ನಪ್ಪ ರಾತ್ರಿ ಮಲಗುವ ಮುಂಚೆ ಗೋಡೆಯ ಬೋರ್ಡಿನ ಸ್ವಿಚ್ಚನ್ನೇ ಆರಿಸುವವರು. ಬೆಳಿಗ್ಗೆ ಸ್ವಿಚ್ ಹಾಕಿದರೆ ಕೆಲವು ಬಾಕ್ಸುಗಳು ತಾವೇ ಆನ್ ಆಗುತ್ತವೆ, ಟಿವಿ ಮಲಗಿಯೇ ಇರುತ್ತದೆ. ಆಗ ನಿನ್ನ ಮಂತ್ರದ ಗುಂಡಿ ಒತ್ತಿದರೆ ಟಿವಿ ಏಳುತ್ತದೆ, ಬಾಕ್ಸು ಮಲಗುತ್ತದೆ. ಮತ್ತೆ ಒತ್ತಿದರೆ ಅದಲು ಬದಲು. ಆನ್‌ಗೊಂದು ಆಫ್‌ಗೊಂದು ಬೇರೆ ಸಂಕೇತ ಸಿಕ್ಕರೆ ಮಾತ್ರ ಈ ಕೆಲಸಕ್ಕೆ ಕೈ ಹಾಕು. ಇಲ್ಲದಿದ್ದರೆ ಟಿವಿಯ ಸೆಟ್ಟಿಂಗ್‌ನಲ್ಲಿ ಸಿಇಸಿ ಎಂಬುದನ್ನು ಹುಡುಕು. ಸ್ಯಾಮ್‌ಸಂಗ್‌ನವರು ಎನಿನೆಟ್ ಪ್ಲಸ್ ಎನ್ನುತ್ತಾರೆ, ಎಲ್‌ಜಿಯವರು ಸಿಂಪ್‌ಲಿಂಕ್, ಸೋನಿಯವರು ಬ್ರಾವಿಯಾ ಸಿಂಕ್. ಅದನ್ನು ಆನ್ ಮಾಡಿದರೆ ಟಿವಿಯ ಜೊತೆ ಸೌಂಡ್‌ಬಾರ್ ಎಚ್‌ಡಿಎಂಐ ವೈರಿನ ಮೂಲಕವೇ ಎದ್ದು ಮಲಗುತ್ತದೆ. ಒಂದು ರಿಮೋಟಿನ ಅಗತ್ಯವೇ ಅಲ್ಲಿಗೆ ಮುಗಿಯಿತು.

ಗುಂಡಿ ಕಡಿಮೆ ಇರಲಿ ಎಂಬುದು ಬರೀ ಮುದುಕಿಯ ಹಟವಲ್ಲ. 1956ರಲ್ಲಿ ಅಮೆರಿಕದ ಜೆನಿತ್ ಕಂಪನಿಯವರು ರಾಬರ್ಟ್ ಆ್ಯಡ್ಲರ್ ರೂಪಿಸಿದ ಸ್ಪೇಸ್ ಕಮಾಂಡ್ ರಿಮೋಟನ್ನು ಮಾರುಕಟ್ಟೆಗೆ ತಂದರು. ಅದರಲ್ಲಿ ಸೆಲ್ಲೂ ಇರಲಿಲ್ಲ: ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಕಡ್ಡಿಗೆ ಬಡಿದು, ಕಿವಿಗೆ ಕೇಳದ ಸದ್ದು ಟಿವಿಗೆ ತಲುಪುತ್ತಿತ್ತು. ಗುಂಡಿ ನಾಲ್ಕೇ. ಆ್ಯಪಲ್ ಕಟ್ಟಿದ ಸ್ಟೀವ್ ವಾಜ್ನಿಯಾಕ್ 1987ರಲ್ಲಿ ಕೋರ್ ಎಂಬ ಕಲಿಯುವ ರಿಮೋಟು ಮಾಡಿದ. ಬುದ್ಧಿಯಲ್ಲಿ ಅದಕ್ಕೆ ಸಾಟಿ ಇರಲಿಲ್ಲ, ಆದರೆ ಅದನ್ನು ಸಿದ್ಧಪಡಿಸಲು ಸಾಮಾನ್ಯರಿಗೆ ಆಗಲಿಲ್ಲ, ಅದು ಓಡಲೂ ಇಲ್ಲ. ನಿನ್ನ ಬುದ್ಧಿ ವಾಜ್ನಿಯಾಕನಿಗಿಂತ ಒಂದು ಗುಲಗಂಜಿ ಕಡಿಮೆಯೇ ಇರಲಿ ಎಂದು ನನ್ನ ಹಾರೈಕೆ.

ಮುಂಬಯಿಯ ಮಳೆಗಾಲ ನೆನಪಿರಲಿ. ಆ ತೇವಕ್ಕೆ ಸೆಲ್ಲಿನ ತುದಿಯ ಸ್ಪ್ರಿಂಗಿಗೆ ಹಸಿರು ಕಿಲುಬು ಹತ್ತುತ್ತದೆ, ಅಗ್ಗದ ಸೆಲ್ ಸೋರಿದರೆ ರಿಮೋಟೇ ಹೋಯಿತು. ಜೂನ್‌ಗೆ ಮುಂಚೆ ಒಮ್ಮೆ ಮುಚ್ಚಳ ತೆಗೆದು ಒರೆಸು. ಅಕ್ಕ ಹಾಕಿದ ಪ್ಲಾಸ್ಟಿಕ್ ಹೊದಿಕೆಯನ್ನು ಹಳೆಯ ಕಾಲದ್ದು ಎಂದು ಕಿತ್ತೊಗೆಯಬೇಡ, ತೆಳು ಪ್ಲಾಸ್ಟಿಕ್ಕಿನಿಂದ ಸಿಗ್ನಲ್ ಸಲೀಸಾಗಿ ದಾಟುತ್ತದೆ. ಹಳೆಯ ರಿಮೋಟುಗಳನ್ನೂ ಎಸೆಯಬೇಡ. ಸೆಲ್ ತೆಗೆದು ಡಬ್ಬಿಯಲ್ಲಿಡು. ಹೊಸದು ಮರೆತರೆ ಮತ್ತೆ ಕಲಿಸಲು ಗುರುಗಳು ಬೇಕಲ್ಲ. ಒಂದು ಕಳೆದೇ ಹೋಗಿದ್ದರೆ ಟಿವಿಯ ಬೆನ್ನಿನ ಮಾಡೆಲ್ ನಂಬರಿನ ಫೋಟೊ ತೆಗೆದುಕೊಂಡು ಲ್ಯಾಮಿಂಗ್ಟನ್ ರೋಡಿಗೆ ಹೋಗು, ಗೋಡೆ ತುಂಬ ರಿಮೋಟು ನೇತುಹಾಕಿಕೊಂಡು ಕೂತವರಿದ್ದಾರೆ. ಕೊನೆಗೆ ಒಪ್ಪಿದ ಕೋಡ್ ನಂಬರನ್ನು ನಿನ್ನ ಫೋನಿನಲ್ಲಿ ಮಾತ್ರ ಇಟ್ಟುಕೊಳ್ಳದೆ, ಚೀಟಿಯಲ್ಲಿ ಕನ್ನಡದಲ್ಲೇ ದಪ್ಪಗೆ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸು.

ತೋರಿಸಿಕೊಡುವಾಗ ನಿನ್ನಪ್ಪನ ಕೈಯಿಂದ ರಿಮೋಟು ಕಸಿಯಬೇಡ. ನೀನು ಬಾಯಲ್ಲಿ ಹೇಳು, ಅವರು ಒತ್ತಲಿ. ತಪ್ಪಾಗಿ ಒತ್ತಿದರೆ ಆಗಲಿ, ಎಲ್ಲಿ ತಪ್ಪುತ್ತಾರೋ ಅಲ್ಲಿ ಒಂದು ಗುಂಡಿ ಹೆಚ್ಚಾಗಿದೆ ಎಂದು ನಿನಗೆ ತಿಳಿಯುತ್ತದೆ. ಆಮೇಲೆ ಎಲ್ಲವನ್ನೂ ಬೋರ್ಡಿನಲ್ಲೇ ಆರಿಸಿ, ನೀನು ಅಡುಗೆಮನೆಗೆ ಹೋಗಿ ಕೂತುಕೋ. ಅಕ್ಕ ಒಬ್ಬಳೇ ಟಿವಿ ಹಚ್ಚಿ, ತನ್ನ ಧಾರಾವಾಹಿ ಹಾಕಿ, ಧ್ವನಿ ಇಳಿಸಿ, ಮತ್ತೆ ಆರಿಸಲಿ. ನಿನ್ನನ್ನು ಕೂಗಿದಳೋ, ಇನ್ನೊಂದು ಗುಂಡಿ ಖಾಲಿ ಮಾಡು. ಅವಳು ಕೂಗದೆ ಎಲ್ಲ ಮುಗಿಸುವ ತನಕ ಘಾಟ್ಕೋಪರಿಗೆ ವಾಪಸು ಲೋಕಲ್ ಹಿಡಿಯುವ ಯೋಚನೆ ಬೇಡ. ಭಾನುವಾರ ಮಾಟುಂಗಾದಿಂದ ಮುಲುಂಡಿನ ತನಕ ಹಳಿ ರಿಪೇರಿಯ ಮೆಗಾ ಬ್ಲಾಕ್ ಇದ್ದರೆ ಮಧ್ಯಾಹ್ನ ಹೇಗೂ ಬೇಗ ತಲುಪಲಾರೆ, ಊಟ ಮುಗಿಸಿಯೇ ಹೊರಡು.