ರೂಮಿಗೂ ವೇದಿಕೆಗೂ ಒಂದೇ ಆ್ಯಂಪ್: ಕೊಳ್ಳುವ ಮುನ್ನ ಒಂದು ಪಾಠ

ಪ್ರತಿ ಆಗಸ್ಟ್‌ನಲ್ಲಿ ಹೊಸ ವಿದ್ಯಾರ್ಥಿಗಳು ಅಮೆರಿಕಕ್ಕೆ ಬಂದಿಳಿದ ಮೇಲೆ ನಮ್ಮ ಸಂಘದ ಸಂಗೀತ ತಂಡಕ್ಕೆ ತಪ್ಪದೇ ಬರುವ ಪ್ರಶ್ನೆ ಒಂದಿದೆ: "ಗಿಟಾರ್ ಇದೆ, ಆ್ಯಂಪ್ ಯಾವುದು ತಗೊಳ್ಳೋದು?" ಬಾಡಿಗೆ, ದಿನಸಿ ಕಳೆದು ಸ್ಟೈಪೆಂಡ್‌ನಲ್ಲಿ ಉಳಿಯುವ ಡಾಲರ್ ಎಷ್ಟು ಅಂತ ನಮಗೆಲ್ಲ ಗೊತ್ತು. ರೂಮಿಗೊಂದು, ವೇದಿಕೆಗೊಂದು ಅಂತ ಎರಡು ಕೊಳ್ಳೋಕೆ ಆಗಲ್ಲ. ಒಂದೇ ಪೆಟ್ಟಿಗೆ ಗೋಡೆಯಾಚೆಯ ನೆರೆಯವರ ನಿದ್ದೆ ಕೆಡಿಸದೆ ರಾತ್ರಿ ಅಭ್ಯಾಸಕ್ಕೆ ಒದಗಬೇಕು, ನವೆಂಬರ್‌ನಲ್ಲಿ ರಾಜ್ಯೋತ್ಸವದ ವೇದಿಕೆಯ ಮೇಲೂ ಕೇಳಿಸಬೇಕು.

ಇದಕ್ಕೆ ನಮ್ಮ ಸೂತ್ರ ಸರಳ: ಆ್ಯಂಪನ್ನು ಎರಡು ಸದ್ದಿನಲ್ಲಿ ಕೇಳಿ. ನೀವು ನುಡಿಸಬೇಕಾದ ಅತಿ ಸಣ್ಣ ಸದ್ದು ಒಂದು, ನಿಮಗೆ ಬೇಕಾಗುವ ಅತಿ ದೊಡ್ಡ ಸದ್ದು ಇನ್ನೊಂದು. ಉದಾಹರಣೆಗೆ ವಿದ್ಯಾರ್ಥಿಗಳ ರೂಮುಗಳಲ್ಲಿ ಹೆಚ್ಚಾಗಿ ಕಾಣುವ ಎರಡು ಆ್ಯಂಪ್ ತಗೊಳ್ಳೋಣ. ಮೊದಲನೆಯದು ರೋಲಂಡ್ ಮೈಕ್ರೋ ಕ್ಯೂಬ್ ಜಿಎಕ್ಸ್: 3 ವ್ಯಾಟ್, 5 ಇಂಚಿನ ಸ್ಪೀಕರ್, ತೂಕ 3 ಕೆಜಿಗಿಂತ ಕಡಿಮೆ, ಆರು ಡಬಲ್-ಎ ಬ್ಯಾಟರಿಯಲ್ಲೂ ನಡೆಯುತ್ತದೆ. ಎರಡನೆಯದು ಬಾಸ್ ಕಟಾನಾ 50 ಮಾರ್ಕ್ 2: 50 ವ್ಯಾಟ್, 12 ಇಂಚಿನ ಸ್ಪೀಕರ್, ತೂಕ 11 ಕೆಜಿ ದಾಟುತ್ತದೆ.

1. ವ್ಯಾಟ್ ಅಂದರೆ ಸದ್ದಲ್ಲ

3 ಎಲ್ಲಿ, 50 ಎಲ್ಲಿ! ಹದಿನಾರು ಪಟ್ಟು ಜೋರು ಅನ್ನಿಸೋದು ಸಹಜ. ಆದರೆ ನಮ್ಮ ಕಿವಿ ಹಾಗೆ ಲೆಕ್ಕ ಹಾಕಲ್ಲ. ಶಕ್ತಿ ಎರಡು ಪಟ್ಟಾದರೆ ಏರುವುದು 3 ಡೆಸಿಬೆಲ್ ಮಾತ್ರ. ಹತ್ತು ಪಟ್ಟಾದರೆ 10 ಡೆಸಿಬೆಲ್, ಆಗ ಕಿವಿಗೆ ಸುಮಾರು ಎರಡರಷ್ಟು ಜೋರು ಅನ್ನಿಸುತ್ತದೆ. ಆ ಲೆಕ್ಕದಲ್ಲಿ 3ರಿಂದ 50ಕ್ಕೆ ಏರಿಕೆ ಬರೀ 12 ಡೆಸಿಬೆಲ್. ಈ ಎರಡು ಆ್ಯಂಪ್‌ಗಳ ನಡುವೆ ನಿಜವಾಗಿ ಕೇಳಿಸುವ ವ್ಯತ್ಯಾಸ ಇದಕ್ಕಿಂತ ಹೆಚ್ಚು. ಅದಕ್ಕೆ ಕಾರಣ ಸ್ಪೀಕರ್. ದೊಡ್ಡ ಸ್ಪೀಕರ್ ಹೆಚ್ಚು ಗಾಳಿಯನ್ನು ತಳ್ಳುತ್ತದೆ, ಮಂದ್ರದ ಸ್ವರಗಳನ್ನು ತುಂಬಿ ಕೊಡುತ್ತದೆ. ಅದರಿಂದ ವ್ಯಾಟ್ ಜೊತೆಗೆ ಸ್ಪೀಕರ್ ಎಷ್ಟು ಇಂಚು ಅಂತಲೂ ನೋಡಿ.

ಇದೇ ಲೆಕ್ಕ ತಿರುಗಿಸಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಕಟಾನಾದಲ್ಲಿ ಶಕ್ತಿಯನ್ನು 50, 25, 0.5 ವ್ಯಾಟ್ ಅಂತ ಬದಲಿಸುವ ಗುಂಡಿ ಇದೆ. 0.5ಕ್ಕೆ ಇಳಿಸಿದರೆ ಶಕ್ತಿ ನೂರರಲ್ಲಿ ಒಂದು ಪಾಲು, ಆದರೆ ಕಿವಿಗೆ ಸದ್ದು ಸುಮಾರು ಕಾಲು ಪಾಲು. ಅರ್ಧ ವ್ಯಾಟ್ ಕೂಡ ಅಪಾರ್ಟ್‌ಮೆಂಟಿಗೆ ಸಣ್ಣದಲ್ಲ!

2. ಸಣ್ಣ ಸದ್ದಿನ ಪರೀಕ್ಷೆ

ಅಂಗಡಿಯಲ್ಲಿ ಎಲ್ಲರೂ ಮೊದಲು ವಾಲ್ಯೂಮ್ ಏರಿಸುತ್ತಾರೆ. ನೀವು ಮೊದಲು ಇಳಿಸಿ. ಪಕ್ಕದಲ್ಲಿ ನಿಂತ ಸ್ನೇಹಿತರ ಜೊತೆ ದನಿ ಏರಿಸದೆ ಮಾತಾಡುವಷ್ಟು ಸಣ್ಣ ಸದ್ದಿನಲ್ಲಿ ಐದು ನಿಮಿಷ ನುಡಿಸಿ. ನಿಮ್ಮ ಅಭ್ಯಾಸದ ಬಹುಪಾಲು ಹೊತ್ತು ಕಳೆಯೋದು ಇಲ್ಲೇ. ಕೆಲವು ಆ್ಯಂಪ್‌ಗಳಲ್ಲಿ ಗುಂಡಿ ಸ್ವಲ್ಪ ತಿರುಗಿಸಿದರೆ ಸದ್ದೇ ಇಲ್ಲ, ಇನ್ನೊಂದು ಕೂದಲೆಳೆ ತಿರುಗಿಸಿದರೆ ಮನೆಯೆಲ್ಲ ಎದ್ದು ಕೂರುತ್ತೆ. ಅಂಥದ್ದು ರೂಮಿಗೆ ಬೇಡ. ವಾಲ್ವ್ ಆ್ಯಂಪ್‌ಗಳ ನಾದಕ್ಕೆ ಮನಸೋಲದವರಿಲ್ಲ. ಆದರೆ ಅವುಗಳ ಆ ಸೊಗಸು ಹೊರಬರೋದು ಸಾಕಷ್ಟು ಜೋರಾಗಿ ನುಡಿಸಿದಾಗ. ರಾತ್ರಿ ಹತ್ತರ ಮೇಲೆ ಅದು ನಮ್ಮ ಪಾಲಿಗಿಲ್ಲ.

ಆಮೇಲೆ ಹೆಡ್‌ಫೋನ್ ಹಾಕಿ ಕೇಳಿ. ಜೇನ್ನೊಣ ಗುಂಯ್‌ಗುಟ್ಟಿದಂತೆ ಕೇಳಿದರೆ ಅದರಲ್ಲಿ ದಿನಾ ಕೂತು ನುಡಿಸೋಕೆ ಮನಸ್ಸಾಗಲ್ಲ. ಹಾಡಿನ ಜೊತೆ ನುಡಿಸಲು ಫೋನ್ ಜೋಡಿಸುವ ಆಕ್ಸ್ ಕಿಂಡಿ ಇದೆಯಾ ನೋಡಿ. ಮೇಲೆ ಹೇಳಿದ ಎರಡರಲ್ಲೂ ಇದೆ. ಇನ್ನೊಂದು ಕಿವಿಮಾತು: ಇಲ್ಲಿನ ಮರದ ಚೌಕಟ್ಟಿನ ಕಟ್ಟಡಗಳಲ್ಲಿ ಮಂದ್ರದ ಕಂಪನ ನೆಲದ ಮೂಲಕ ಕೆಳಗಿನ ಮನೆಗೆ ಇಳಿಯುತ್ತದೆ. ಆ್ಯಂಪನ್ನು ನೆಲದ ಮೇಲಿಡದೆ ಕುರ್ಚಿಯ ಮೇಲಿಟ್ಟರೆ ಅವರಿಗೂ ನೆಮ್ಮದಿ, ನಿಮ್ಮ ಕಿವಿಗೂ ಹತ್ತಿರ.

3. ದೊಡ್ಡ ಸದ್ದಿನ ಪರೀಕ್ಷೆ

ರೂಮಿನಲ್ಲಿ ಬಲು ಇಂಪಾಗಿದ್ದ ಸೆಟ್ಟಿಂಗ್ ವೇದಿಕೆಯಲ್ಲಿ ಗುಮ್ಮೆನ್ನುತ್ತದೆ. ಯಾಕೆ? ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು: ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ಮಂದ್ರದ ಸ್ವರಗಳು ಕಡಿಮೆ ಕೇಳಿಸುತ್ತವೆ. ಅದಕ್ಕೇ ರೂಮಿನಲ್ಲಿ ನಾವು ಬಾಸ್ ಏರಿಸುತ್ತೇವೆ. ವಾಲ್ಯೂಮ್ ಏರಿದಾಗ ಅದೇ ಬಾಸ್ ಉಳಿದದ್ದನ್ನೆಲ್ಲ ನುಂಗುತ್ತದೆ. ವೇದಿಕೆಗೆ ಹೋಗುವಾಗ ಬಾಸ್ ಇಳಿಸಿ, ಮಿಡ್ ಏರಿಸಿ. ಹಾಡುಗಾರರು, ತಬಲಾ, ಕೀಬೋರ್ಡ್ ನಡುವೆ ಗಿಟಾರ್ ಇದೆ ಅಂತ ಗೊತ್ತಾಗುವುದೇ ಮಿಡ್‌ನಿಂದ.

ಅಂಗಡಿಯಲ್ಲಿ ಸ್ನೇಹಿತರ ಕೈಗೆ ಗಿಟಾರ್ ಕೊಟ್ಟು ನೀವು ದೂರ ಹೋಗಿ ಕೇಳಿ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕ್ಯಾಂಪಸ್ ಹುಲ್ಲುಹಾಸಿನ ಕಾರ್ಯಕ್ರಮದಲ್ಲಿ ಸಣ್ಣ ಆ್ಯಂಪ್ ಸೋಲೋದು ಇದಕ್ಕೇ. ಸ್ಪೀಕರಿನ ನೇರಕ್ಕೆ ನಿಂತು ಒಮ್ಮೆ, ಪಕ್ಕದಿಂದ ಒಮ್ಮೆ ಕೇಳಿ. ತಾರದ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರಕ್ಕೆ ಹೋಗುತ್ತವೆ. ಆ್ಯಂಪ್ ನಿಮ್ಮ ಮೊಣಕಾಲಿಗೆ ಹಾಡುತ್ತಿದ್ದರೆ ನಿಮಗೆ ಮಂಕಾಗಿ, ಮುಂದಿನ ಸಾಲಿನವರಿಗೆ ಚುಚ್ಚುವಂತೆ ಕೇಳಿಸುತ್ತದೆ. ಸ್ವಲ್ಪ ಓರೆಯಾಗಿ ಮೇಲ್ಮುಖ ಮಾಡಿಡಿ.

4. ಅಕೌಸ್ಟಿಕ್ ಗಿಟಾರ್‌ನವರ ಗಮನಕ್ಕೆ

ನಮ್ಮ ಕಾರ್ಯಕ್ರಮಗಳಲ್ಲಿ ಭಾವಗೀತೆಗೆ ಜೊತೆಯಾಗೋದು ಹೆಚ್ಚಾಗಿ ಪಿಕಪ್ ಇರುವ ಅಕೌಸ್ಟಿಕ್ ಗಿಟಾರ್. ಎಲೆಕ್ಟ್ರಿಕ್ ಗಿಟಾರಿನ ಸ್ಪೀಕರ್‌ಗಳು ಸಾಮಾನ್ಯವಾಗಿ 5 ಕಿಲೋಹರ್ಟ್ಸ್‌ನಿಂದಾಚೆ ಬೇಗ ಕ್ಷೀಣಿಸುತ್ತವೆ. ತಂತಿಯ ಮಿನುಗು ಇರೋದು ಅದರಾಚೆಗೂ. ಕಟಾನಾದಲ್ಲಿ 'ಅಕೌಸ್ಟಿಕ್' ಎಂಬ ಆಯ್ಕೆಯೇನೋ ಇದೆ, ಅಭ್ಯಾಸಕ್ಕೆ ಸಾಕು. ಆದರೆ ಸಭಾಂಗಣದಲ್ಲಿ ಪಿಎ ವ್ಯವಸ್ಥೆ ಇದ್ದರೆ ಡಿಐ ಪೆಟ್ಟಿಗೆಯ ಮೂಲಕ ಗಿಟಾರನ್ನು ನೇರವಾಗಿ ಅದಕ್ಕೇ ಕೊಡಿ.

5. ಹಿಂಬದಿ ತಿರುಗಿಸಿ ಓದಿ

ಕಟಾನಾ 50ರಲ್ಲಿ ರೆಕಾರ್ಡಿಂಗ್‌ಗೂ ಹೆಡ್‌ಫೋನಿಗೂ ಒಂದೇ ಕಿಂಡಿ. ಅದಕ್ಕೆ ವೈರ್ ಚುಚ್ಚಿದ ಕೂಡಲೇ ಸ್ಪೀಕರ್ ಮೌನವಾಗುತ್ತದೆ. ಅಲ್ಲಿಂದ ಪಿಎಗೆ ಕೊಟ್ಟರೆ ಸಭಿಕರಿಗೆ ಕೇಳುತ್ತೆ, ವೇದಿಕೆಯ ಮೇಲೆ ನಿಮ್ಮ ಆ್ಯಂಪಿನಿಂದ ನಿಮಗೇ ಕೇಳಲ್ಲ. ಆಗ ಸ್ಪೀಕರಿನ ಮುಂದೆ ಒಂದು ಮೈಕ್ ಇಡೋದೇ ಸುಲಭದ ದಾರಿ. ಮೈಕ್ ಇದ್ದರೆ 3 ವ್ಯಾಟಿನ ಪುಟ್ಟ ಪೆಟ್ಟಿಗೆಯೂ ಸಭಾಂಗಣ ತುಂಬಬಲ್ಲದು.

ಮುಗಿಸಿ ಊರಿಗೆ ಹೊರಡುವವರು ಇದನ್ನು ಮರೆಯಬೇಡಿ: ಇಲ್ಲಿನ ಕರೆಂಟು 120 ವೋಲ್ಟ್, ನಮ್ಮೂರಿನದು 230. ಆ್ಯಂಪಿನ ಮೇಲೆ 120 ಎಂದಷ್ಟೇ ಬರೆದಿದ್ದರೆ ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ನೇರ ಚುಚ್ಚಿದ ಕ್ಷಣವೇ ಸುಟ್ಟುಹೋಗಬಹುದು. ಪಿನ್ನಿನ ಆಕಾರ ಬದಲಿಸುವ ಕನ್ವರ್ಟರ್ ವೋಲ್ಟೇಜ್ ಬದಲಿಸಲ್ಲ. ಭಾರದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತೆ. ಬ್ಯಾಟರಿಯ ಮೈಕ್ರೋ ಕ್ಯೂಬ್‌ಗೆ ಈ ತಲೆನೋವಿಲ್ಲ, ಸೂಟ್‌ಕೇಸಿನಲ್ಲೂ ಹಿಡಿಯುತ್ತೆ.

ಹಳೆಯದು ಕೊಳ್ಳುವವರು ಪ್ರತಿ ಗುಂಡಿಯನ್ನೂ ತಿರುಗಿಸಿ ಕರಕರ ಸದ್ದು ಬರುತ್ತಾ ಕೇಳಿ. ಗಿಟಾರಿನ ವೈರನ್ನು ಕಿಂಡಿಯಲ್ಲಿ ಮೆಲ್ಲಗೆ ಅಲ್ಲಾಡಿಸಿ, ಸದ್ದು ಕಡಿದು ಬರಬಾರದು. ಗಿಟಾರ್ ತೆಗೆದಾಗಲೂ ಆ್ಯಂಪ್ ಜೋರಾಗಿ ಹೂಂಕರಿಸಿದರೆ ಬೇರೆಯದನ್ನು ನೋಡಿ.

ಹಾಗಾದರೆ ಯಾವುದು?

ಡ್ರಮ್ಸ್ ಇರುವ ತಂಡದಲ್ಲಿ ನುಡಿಸುವುದಿದ್ದರೆ, ಎರಡು ಮಹಡಿ ಹೊರಲು ತಯಾರಿದ್ದರೆ, ಕಟಾನಾ ತರಹದ್ದು. ಅಭ್ಯಾಸವೇ ಮುಖ್ಯ, ವರ್ಷಕ್ಕೆ ಎರಡು ಸಲ ಮೈಕ್ ಇರುವ ವೇದಿಕೆ, ಕಾರಿಲ್ಲ, ಬಸ್ಸೇ ಗತಿ ಅನ್ನುವವರಿಗೆ ಮೈಕ್ರೋ ಕ್ಯೂಬ್ ತರಹದ್ದು. ನಮ್ಮಲ್ಲಿ ಹೆಚ್ಚಿನವರು ಈ ಎರಡನೇ ಗುಂಪಿನವರೇ. ಕೊಳ್ಳುವ ಮುಂಚೆ ನಮ್ಮ ಶನಿವಾರದ ಅಭ್ಯಾಸಕ್ಕೆ ಗಿಟಾರ್ ಹಿಡಿದು ಬನ್ನಿ; ತಂಡದವರ ಆ್ಯಂಪ್‌ಗಳಲ್ಲಿ ಎರಡೂ ಸದ್ದನ್ನು ಕೇಳಿ ನೋಡಿ, ಆಮೇಲೆ ದುಡ್ಡು ಬಿಚ್ಚಿ.