ಹಿತ್ತಲ ಗಿಡ, ಕೈಗೆ ಕಾಸು



ನಮ್ಮ ಮನೆ ಮುಂದೆ ತುಳಸಿ ಇದೆ. ಹಿತ್ತಲಲ್ಲಿ ದಾಸವಾಳ ಇದೆ. ಬಚ್ಚಲ ನೀರು ಹರಿಯುವ ಕಡೆ ದೊಡ್ಡಪತ್ರೆ ಇದೆ. ಬೇಲಿ ಪಕ್ಕ ಮಲ್ಲಿಗೆ ಬಳ್ಳಿ ಇದೆ. ಇವಕ್ಕೆಲ್ಲ ದಿನಾ ನೀರು ಹಾಕುವವರು ಯಾರು? ನಾವೇ. ಈ ಕೆಲಸ ನಮಗೆ ಯಾರೂ ಶಾಲೆಯಲ್ಲಿ ಕಲಿಸಲಿಲ್ಲ. ಅವ್ವನನ್ನು ನೋಡಿ ಕಲಿತೆವು.

ನೆರೆಮನೆಯಾಕೆ ಬಂದು, "ಒಂದು ಕಡ್ಡಿ ಕೊಡಕ್ಕ" ಅಂತಾಳೆ. ನಾವು ಮುರಿದು ಕೊಡ್ತೀವಿ. ಕೊಡೋದು ಒಳ್ಳೇದೇ. ಅದೇ ಕಡ್ಡಿ ಬೇರು ಬಿಟ್ಟು ಪೇಟೆಯ ನರ್ಸರಿಯಲ್ಲಿ ನಿಂತರೆ ಅದಕ್ಕೆ ಬೆಲೆ ಬರುತ್ತದೆ. ಜನ ದುಡ್ಡು ಕೊಟ್ಟು ಒಯ್ಯುತ್ತಾರೆ. ಸಸಿ ಮಾಡುವುದು ನಮಗೂ ಬರುತ್ತೆ. ಬಾರದೆ ಇದ್ದದ್ದು ಲೆಕ್ಕ ಬರೆಯುವುದು. ಈಗ ಅಕ್ಷರ ಬಂತು, ಅಂಕಿಯೂ ಬಂತು. ಈ ಪಾಠದಲ್ಲಿ ಎರಡನ್ನೂ ಓದೋಣ.

ಯಾವ ಗಿಡ ಮಾಡಬಹುದು?

ಕಡ್ಡಿಯಿಂದ ಬರುವ ಗಿಡ: ಮಲ್ಲಿಗೆ, ದಾಸವಾಳ, ದೊಡ್ಡಪತ್ರೆ, ನಾಟಿ ಗುಲಾಬಿ. ಡೆಲ್ಲಿ ಕನಕಾಂಬರ ಬೀಜ ಕಟ್ಟುವುದಿಲ್ಲ. ಅದನ್ನೂ ಕಡ್ಡಿಯಿಂದಲೇ ಮಾಡಬೇಕು.

ಬೀಜದಿಂದ ಬರುವ ಗಿಡ: ತುಳಸಿ, ಚೆಂಡು ಹೂವು, ಕರಿಬೇವು. ಕರಿಬೇವಿನ ಹಣ್ಣು ಕಪ್ಪಾದ ಕೂಡಲೇ ತಿರುಳು ತೆಗೆದು ಬಿತ್ತಬೇಕು. ಒಣಗಿಸಿ ಬಹಳ ದಿನ ಇಟ್ಟರೆ ಮೊಳಕೆ ಬರಲ್ಲ.

ಪಕ್ಕದ ಮರಿಯಿಂದ ಬರುವ ಗಿಡ: ಲೋಳೆಸರ. ತಾಯಿ ಗಿಡದ ಬುಡದಲ್ಲಿ ಮರಿ ಏಳುತ್ತದೆ. ಬಿಡಿಸಿ ನೆಟ್ಟರೆ ಸಾಕು.

ಮನೆಯೊಳಗೆ ಇಡುವ ಗಿಡ: ಮನಿಪ್ಲಾಂಟ್. ಇದರ ಬಳ್ಳಿಯನ್ನು ಗೆಣ್ಣು ಇರುವ ಹಾಗೆ ಕತ್ತರಿಸಿ. ಗೆಣ್ಣು ಮುಳುಗುವಂತೆ ನೀರಲ್ಲಿ ಇಡಿ. ಬೇರು ಬಿಡುತ್ತೆ. ಪೇಟೆ ಮನೆಗಳವರು ಇದನ್ನು ಕೇಳಿ ಒಯ್ಯುತ್ತಾರೆ.

ಒಂದು ಎಚ್ಚರಿಕೆ. ಕಣಗಿಲೆ ಹೂವು ಚೆಂದ. ಆದರೆ ಆ ಗಿಡದ ಎಲೆ, ಕಡ್ಡಿ, ಹೂವು, ಬೀಜ ಎಲ್ಲವೂ ವಿಷ. ಮಕ್ಕಳೂ ದನವೂ ಬಾಯಿಗೆ ಹಾಕಬಾರದು. ಮಾರುವುದಾದರೆ ಈ ಮಾತು ಹೇಳಿಯೇ ಮಾರಬೇಕು.

ಸಸಿ ಮಾಡುವ ಬಗೆ

1. ಕಾಲ: ಮಳೆಗಾಲದ ಮೊದಲು ಒಳ್ಳೇದು. ಮೃಗಶಿರಾ, ಆರಿದ್ರಾ ಮಳೆ ಬೀಳುವಾಗ ಕಡ್ಡಿ ಬೇಗ ಹಿಡಿಯುತ್ತದೆ.

2. ಪ್ಯಾಕೆಟ್: ಹಾಲಿನ ಖಾಲಿ ಕವರು ತೊಳೆದು ಇಟ್ಟುಕೊಳ್ಳಿ. ತಳದಲ್ಲಿ ನಾಲ್ಕೈದು ತೂತು ಮಾಡಿ. ತೂತಿಲ್ಲದಿದ್ದರೆ ನೀರು ನಿಂತು ಬೇರು ಕೊಳೆಯುತ್ತೆ.

3. ಮಣ್ಣು: ಕೆಮ್ಮಣ್ಣು ಒಂದು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು. ಮೂರನ್ನೂ ಕಲಸಿ ತುಂಬಿ. ಹಸಿ ಸಗಣಿ ಹಾಕಬೇಡಿ.

4. ಕಡ್ಡಿ: ತೀರಾ ಎಳೆಯದು ಬೇಡ, ತೀರಾ ಬಲಿತದ್ದೂ ಬೇಡ. ಒಂದು ಗೇಣಿನಷ್ಟು ಉದ್ದ ಇರಲಿ. ಮೂರು ನಾಲ್ಕು ಗೆಣ್ಣು ಇರಲಿ. ಕೆಳಗಿನ ಎಲೆ ಕೀಳಿ. ಎರಡು ಗೆಣ್ಣು ಮಣ್ಣಿನೊಳಗೆ ಹೋಗುವ ಹಾಗೆ ನೆಡಿ. ಬಿಳಿ ಹಿಟ್ಟಿನಂಥ ಹುಳ ಹತ್ತಿದ ಗಿಡದಿಂದ ಕಡ್ಡಿ ತೆಗೆಯಬೇಡಿ.

5. ನೆರಳು: ಮರದಡಿ ಸಾಲಾಗಿ ಜೋಡಿಸಿ. ಮರ ಇಲ್ಲದಿದ್ದರೆ ನಾಲ್ಕು ಗೂಟ ನೆಟ್ಟು ಹಳೇ ಸೀರೆ ಕಟ್ಟಿ.

6. ನೀರು: ಮಣ್ಣು ತೇವ ಇದ್ದರೆ ಸಾಕು. ಕೆಸರಾಗಬಾರದು.

ಚಿಗುರು ಕಂಡ ಕೂಡಲೇ ಮಾರಬೇಡಿ. ಕಡ್ಡಿಯೊಳಗಿನ ಸತ್ವದಿಂದಲೇ ಚಿಗುರು ಬಂದಿರಬಹುದು. ಕೆಳಗೆ ಬೇರು ಇರದೆ ಇರಬಹುದು. ಕಡ್ಡಿ ಮೆಲ್ಲಗೆ ಮುಟ್ಟಿ ನೋಡಿ. ಅಲುಗಾಡದೆ ಬಿಗಿಯಾಗಿ ನಿಂತಿರಬೇಕು. ತೂತಿನಲ್ಲಿ ಬೇರು ಕಂಡರೆ ಇನ್ನೂ ಒಳ್ಳೇದು. ಆಮೇಲೆ ಒಂದು ವಾರ ಎಳೆ ಬಿಸಿಲಿಗೆ ಇಡಿ. ಗಿಡ ಗಟ್ಟಿಯಾಗುತ್ತೆ. ಕೊಂಡವರ ಮನೆಯಲ್ಲಿ ನಮ್ಮ ಗಿಡ ಬದುಕಿದರೆ ಅವರೇ ಮತ್ತೆ ಬರುತ್ತಾರೆ.

ಗೌರಮ್ಮನ ಲೆಕ್ಕ

ಲೆಕ್ಕ ಕಲಿಯಲು ಒಬ್ಬ ಗೌರಮ್ಮ ಇದ್ದಾಳೆ ಅಂತ ಇಟ್ಟುಕೊಳ್ಳೋಣ. ಅವಳು 50 ಕಡ್ಡಿ ನೆಟ್ಟಳು. 15 ಕಡ್ಡಿ ಒಣಗಿದವು. 35 ಬದುಕಿದವು. ಮನೆಗೆ 5 ಇಟ್ಟುಕೊಂಡಳು. ಮಾರಲು ಉಳಿದದ್ದು 30 ಗಿಡ.

ಒಂದು ಸಂಜೆ ಗಿಡದ ವ್ಯಾಪಾರಿ ಮನೆ ಬಾಗಿಲಿಗೆ ಬಂದ.

"ಅಕ್ಕಾ, ಎಲ್ಲಾ ಸೇರಿ 200 ರೂಪಾಯಿ ಕೊಡ್ತೀನಿ. ನನ್ನ ಗಾಡಿಗೆ ಹಾಕಿಬಿಡಿ" ಅಂದ.

200 ಅಂದರೆ ಎರಡು ನೂರರ ನೋಟು. ಕೇಳಲು ಚೆನ್ನಾಗಿತ್ತು. ಗೌರಮ್ಮ ಕೂಡಲೇ ಹೂಂ ಅನ್ನಲಿಲ್ಲ. ಒಳಗೆ ಹೋಗಿ ಪುಸ್ತಕ ತಂದಳು. 200ನ್ನು 30ರಿಂದ ಭಾಗಿಸಿದಳು. ಒಂದು ಗಿಡಕ್ಕೆ 7 ರೂಪಾಯಿಯೂ ಬೀಳಲಿಲ್ಲ.

"ಅಣ್ಣಾ, ಒಟ್ಟು ಲೆಕ್ಕ ಬೇಡ. ಗಿಡದ ಲೆಕ್ಕ ಹೇಳಿ. ಒಂದಕ್ಕೆ ಎಷ್ಟು ಕೊಡ್ತೀರಿ?"

ವ್ಯಾಪಾರಿ ಪುಸ್ತಕ ನೋಡಿದ. "ಹತ್ತು ರೂಪಾಯಿ ಹಾಕ್ಕೊಳ್ಳಿ ಅಕ್ಕಾ" ಅಂದ.

ನೋಡಿ, 200 ಇದ್ದದ್ದು 300 ಆಯಿತು. ಗೌರಮ್ಮ ಜಗಳ ಆಡಲಿಲ್ಲ. ಒಂದು ಭಾಗಾಕಾರ ಮಾಡಿದಳು, ಅಷ್ಟೆ.

ಇಲ್ಲಿಗೆ ಲೆಕ್ಕ ಮುಗಿಯಲಿಲ್ಲ. ಸಂತೆಗೆ ತಾನೇ ಒಯ್ದರೆ ಒಂದು ಗಿಡ 20 ರೂಪಾಯಿಗೆ ಹೋಗಬಹುದು. ಆದರೆ ಖರ್ಚು ಹೆಚ್ಚು. ಅವಳು ಎರಡನ್ನೂ ಬರೆದಳು.

ಮನೆ ಬಾಗಿಲಲ್ಲಿ ಮಾರಿದರೆ:
ಬಂದದ್ದು: 30 × 10 = 300 ರೂಪಾಯಿ
ಮರಳು: 50
ಗೊಬ್ಬರ: 50
ಒಟ್ಟು ಖರ್ಚು: 100
ಉಳಿದದ್ದು: 200 ರೂಪಾಯಿ

ಸಂತೆಯಲ್ಲಿ ಮಾರಿದರೆ:
ಬಂದದ್ದು: 30 × 20 = 600 ರೂಪಾಯಿ
ಮರಳು: 50
ಗೊಬ್ಬರ: 50
ಆಟೋ ಬಾಡಿಗೆ: 60
ಸಂತೆ ಸುಂಕ: 20
ಒಟ್ಟು ಖರ್ಚು: 180
ಉಳಿದದ್ದು: 420 ರೂಪಾಯಿ

ಸಂತೆಯಲ್ಲಿ 220 ರೂಪಾಯಿ ಹೆಚ್ಚು. ಆದರೆ ಒಂದು ದಿನದ ಕೂಲಿ ಬಿಟ್ಟು ಸಂತೆಗೆ ಹೋಗಬೇಕು. ಎಲ್ಲಾ ಗಿಡ ಹೋಗದೆ ಉಳಿಯಲೂಬಹುದು. ಅವತ್ತಿನ ಕೂಲಿ 220ಕ್ಕಿಂತ ಹೆಚ್ಚಿದ್ದರೆ ಬಾಗಿಲಲ್ಲೇ ಕೊಡೋದು ಮೇಲು. ಕೂಲಿ ಇಲ್ಲದ ದಿನವಾದರೆ ಸಂತೆಯೇ ಮೇಲು. ಲೆಕ್ಕ ಮುಂದೆ ಇದ್ದರೆ ಯಾವುದು ಸರಿ ಅಂತ ನಾವೇ ತೀರ್ಮಾನ ಮಾಡಬಹುದು.

ಎಣಿಸಿ ಮಾರುವ ಊರು

ಉಡುಪಿ ಜಿಲ್ಲೆಯಲ್ಲಿ ಶಂಕರಪುರ ಅಂತ ಊರಿದೆ. ಅಲ್ಲಿನ ಮಲ್ಲಿಗೆ ಹೆಸರುವಾಸಿ. ಸುತ್ತಮುತ್ತ ಮನೆ ಅಂಗಳದಲ್ಲೇ ಗಿಡ ಬೆಳೆಸುತ್ತಾರೆ. ಬೆಳಿಗ್ಗೆ ಮೊಗ್ಗು ಕೊಯ್ದು ಬಾಳೆ ನಾರಿನಲ್ಲಿ ಕಟ್ಟುತ್ತಾರೆ. ಈ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು. ಅಲ್ಲಿ ಹೂವಿಗೆ ಅಳತೆ ಇದೆ. 800 ಹೂವಿಗೆ ಒಂದು ಚೆಂಡು. 4 ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3200 ಹೂವು. ಅಟ್ಟೆಗೆ ಇಷ್ಟು ಅಂತ ದಿನಾ ದರ ಕಟ್ಟುತ್ತಾರೆ. ಅಳತೆ ಎಲ್ಲರಿಗೂ ಗೊತ್ತಿದ್ದರೆ ಮೋಸ ಮಾಡುವುದು ಕಷ್ಟ. ನಾವೂ ಕಣ್ಣಳತೆಗೆ ಮಾರುವುದು ಬೇಡ. ಎಣಿಸಿ ಮಾರೋಣ.

ಯಾವಾಗ ಮಾರಬೇಕು?

ಹಬ್ಬದ ಕಡೆ ಕಣ್ಣಿಡಿ. ಕಾರ್ತಿಕದಲ್ಲಿ ತುಳಸಿ ಹಬ್ಬ ಬರುತ್ತೆ. ಆಗ ತುಳಸಿ ಸಸಿ ಕೇಳುವವರು ಹೆಚ್ಚು. ಶ್ರಾವಣದಲ್ಲೇ ಬೀಜ ಚೆಲ್ಲಿದರೆ ಆ ಹೊತ್ತಿಗೆ ಸಸಿ ತಯಾರು. ಮೊದಲ ವರ್ಷ 50ಕ್ಕಿಂತ ಹೆಚ್ಚು ಮಾಡಬೇಡಿ. ಸಾಲ ತಂದು ಶುರು ಮಾಡಬೇಡಿ. 50 ಮಾರಿ ಹೋದರೆ ಮುಂದಿನ ವರ್ಷ 100 ಮಾಡಿ. ಯಾವುದು ಮಾರಿ ಹೋಯಿತು, ಯಾವುದು ಉಳಿಯಿತು, ಬರೆದಿಡಿ. ಗಿಡಕ್ಕೆ ರೋಗ ಬಂದರೆ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಗೆ ಹೋಗಿ ಕೇಳಿ. ರೋಗ ಬಂದ ಎಲೆಯನ್ನೂ ಒಯ್ದು ತೋರಿಸಿ.

ದುಡ್ಡು ಯಾರ ಕೈಗೆ?

ಇದು ಮುಖ್ಯವಾದ ಮಾತು. ನೀರು ಹೊತ್ತವರು ನಾವು, ಕಡ್ಡಿ ನೆಟ್ಟವರು ನಾವು. ಬಂದ ದುಡ್ಡು ಎಲ್ಲಿ ಹೋಯಿತು ಅಂತ ನಮಗೇ ಗೊತ್ತಿಲ್ಲದಿದ್ದರೆ ಹೇಗೆ? ಈಗ ಕೊಳ್ಳುವವರು ಫೋನಿನಲ್ಲೂ ದುಡ್ಡು ಹಾಕುತ್ತಾರೆ. ಯಾರ ಫೋನಿಗೆ ಬಂದರೂ ಪುಸ್ತಕದಲ್ಲಿ ಬರೆಯಿರಿ. ನಿಮ್ಮ ಹೆಸರಿನ ಬ್ಯಾಂಕ್ ಖಾತೆ ಇದ್ದರೆ ಅದಕ್ಕೇ ಬರುವ ಹಾಗೆ ಮಾಡಿಸಿ. ಸಂಘದಲ್ಲಿ ಇದ್ದರೆ ವಾರದ ಉಳಿತಾಯಕ್ಕೆ ಅದರಲ್ಲೇ ಕಟ್ಟಿ. ಮನೆಗೆ ಖರ್ಚು ಮಾಡುವವರೂ ನಾವೇ. ಎಷ್ಟು ಕೊಟ್ಟೆವು ಅಂತ ಬರೆದಿದ್ದರೆ ಮನೆಯಲ್ಲಿ ನಮ್ಮ ಮಾತಿಗೂ ತೂಕ ಬರುತ್ತೆ.

ನೆನಪಿಡಿ

ಬೇರು ಬಿಟ್ಟ ಮೇಲೆ ಮಾರಿ.
ಒಟ್ಟು ಲೆಕ್ಕ ಬೇಡ, ಒಂದೊಂದರ ಲೆಕ್ಕ ಕೇಳಿ.
ಖರ್ಚು ಕಳೆದ ಮೇಲೆ ಉಳಿದದ್ದೇ ಲಾಭ.
ಅವತ್ತಿನ ಲೆಕ್ಕ ಅವತ್ತೇ ಬರೆಯಿರಿ.

ಅಭ್ಯಾಸ

1. ಪ್ಯಾಕೆಟ್ಟಿನ ತಳದಲ್ಲಿ ತೂತು ಏಕೆ ಮಾಡಬೇಕು?
2. ಚಿಗುರು ಕಂಡ ಕೂಡಲೇ ಗಿಡ ಏಕೆ ಮಾರಬಾರದು?
3. ಗೌರಮ್ಮ ವ್ಯಾಪಾರಿಗೆ ಏನು ಕೇಳಿದಳು? ಅದರಿಂದ ಅವಳಿಗೆ ಎಷ್ಟು ಹೆಚ್ಚು ಸಿಕ್ಕಿತು?
4. ಲೆಕ್ಕ ಮಾಡಿ: 40 ತುಳಸಿ ಸಸಿಯಲ್ಲಿ 10 ಸತ್ತವು. ಉಳಿದದ್ದನ್ನು ಒಂದಕ್ಕೆ 15 ರೂಪಾಯಿಯಂತೆ ಮಾರಿದರು. ಖರ್ಚು 120 ರೂಪಾಯಿ. ಲಾಭ ಎಷ್ಟು?
5. ನಿಮ್ಮ ಹಿತ್ತಲಲ್ಲಿ ಇರುವ ಗಿಡಗಳ ಹೆಸರು ಬರೆಯಿರಿ. ಕಡ್ಡಿಯಿಂದ ಬರುವ ಗಿಡದ ಮುಂದೆ ಗುರುತು ಹಾಕಿ.