ಜೋಗತಿಯ ಕೊಡ

2021ನೆಯ ಇಸವಿ ನವೆಂಬರ್ 9ರಂದು ದೆಹಲಿಯ ರಾಷ್ಟ್ರಪತಿ ಭವನದಲ್ಲಿ ತೆಗೆದ ಒಂದು ಛಾಯಾಚಿತ್ರವನ್ನು ವಾಚಕರಲ್ಲಿ ಬಹುಮಂದಿ ನೋಡಿರಬಹುದು. ಪದ್ಮಶ್ರೀ ಪ್ರಶಸ್ತಿ ಸ್ವೀಕರಿಸಲು ಬಂದ ಮಂಜಮ್ಮ ಜೋಗತಿಯವರು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ನಿಂತು ತಮ್ಮ ಸೆರಗಿನಿಂದ ಅವರ ದೃಷ್ಟಿ ತೆಗೆಯುತ್ತಿದ್ದಾರೆ, ರಾಷ್ಟ್ರಪತಿಗಳು ಕೈಮುಗಿದಿದ್ದಾರೆ. ಪಟ್ಟಣದವರಿಗೆ ಇದು ಸೋಜಿಗವಾಗಿ ಕಂಡಿತಂತೆ. ನಮ್ಮ ಸೀಮೆಯವರಿಗೆ ಇದರಲ್ಲಿ ಸೋಜಿಗವೇನೂ ಇಲ್ಲ. ಹಿರೇಹಡಗಲಿಯ ನಮ್ಮ ಓಣಿಗೆ ಮಂಗಳವಾರವೋ ಶುಕ್ರವಾರವೋ ಜೋಗ ಬೇಡಲು ಬಂದವರು ಕೂಸುಗಳಿಗೆ ಮಾಡುವುದೂ ಇದನ್ನೇ. ಅವ್ವ ಮೊರದಲ್ಲಿ ಜೋಳ ತಂದು ನೀಡುತ್ತಾಳೆ, ಅವರು ಹಣೆಗೆ ಭಂಡಾರ ಹಚ್ಚಿ ಮುಂದಿನ ಮನೆಗೆ ಹೋಗುತ್ತಾರೆ. ಆ ಕೈ ನಮ್ಮ ಹೊಸ್ತಿಲಿನಿಂದ ದೆಹಲಿಯ ತನಕ ಹೋದ ದಾರಿ ಯಾವುದೆಂಬುದೇ ನನ್ನ ಈ ಕಿರು ಲೇಖನದ ವಿಷಯ.

ಗಂಡಾಗಿ ಹುಟ್ಟಿ, ತಾನು ಹೆಣ್ಣೆಂದು ಮನಸ್ಸಿನಲ್ಲಿ ಕಂಡುಕೊಂಡು, ಎಲ್ಲಮ್ಮನ ಹೆಸರಿನಲ್ಲಿ ಸೀರೆ ಉಟ್ಟವರನ್ನು ನಮ್ಮಲ್ಲಿ ಜೋಗಪ್ಪ ಎನ್ನುತ್ತಾರೆ. ಅವರು ತಮ್ಮನ್ನು ಜೋಗತಿ ಎಂದು ಕರೆದುಕೊಳ್ಳುವುದುಂಟು. ಮಂಜಮ್ಮನವರು ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದವರು. ಹರೆಯಕ್ಕೆ ಬರುತ್ತಿದ್ದಂತೆ ನಡೆನುಡಿಯಲ್ಲಿ ಹೆಣ್ತನ ಕಾಣಿಸಿಕೊಂಡಿತು. ಮನೆಯವರು ಅವರನ್ನು ತುಂಗಭದ್ರೆಯ ದಡದ ಹುಲಿಗಿಗೆ ಕರೆದೊಯ್ದರು. ಅಲ್ಲಿ ಉಡಿದಾರ ಹರಿದು, ಸೀರೆ ಉಡಿಸಿ, ಬಳೆ ತೊಡಿಸಿ, ಮುತ್ತು ಕಟ್ಟಿದರು. ಉಡಿದಾರ ಹರಿಯುವುದೆಂದರೆ ಏನೆಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆ ಮನೆಗೆ ಅಂದಿನಿಂದ ಆ ಮಗ ಇಲ್ಲ.

ಆಮೇಲಿನ ದಿನಗಳು ಓದಲು ಕಷ್ಟವಾಗುವಂಥವು. ಅವರು ವಿಷ ಕುಡಿದರು, ಬದುಕಿ ಉಳಿದರು. ಮನೆ ಬಿಟ್ಟರು, ಭಿಕ್ಷೆ ಬೇಡಿದರು, ದಾರಿಯಲ್ಲಿ ದುಷ್ಟರ ಕೈಗೆ ಸಿಕ್ಕು ಇದ್ದ ಕಾಸನ್ನೂ ಕಳೆದುಕೊಂಡರು. ಒಮ್ಮೆ ದಾವಣಗೆರೆಯ ಬಸ್ ನಿಲ್ದಾಣದ ಬಳಿ ಒಬ್ಬ ತಂದೆ ಹಾಡುತ್ತಿದ್ದ, ಅವನ ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಮಂಜಮ್ಮನವರು ಅವರಿಂದಲೇ ಆ ಕುಣಿತ ಕಲಿತರು. ಮುಂದೆ ನಮ್ಮ ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯವರ ಮೇಳಕ್ಕೆ ಸೇರಿದರು. ಕಾಳವ್ವ ಅವರಿಗೆ ಗುರುವಾದಳು, ತಾಯಿಯೂ ಆದಳು. ಕುಣಿತದ ಜೊತೆಗೆ ಆಟದ ಪಾತ್ರಗಳನ್ನೂ ಕೊಟ್ಟಳು. ಕಾಳವ್ವನ ತರುವಾಯ ಮೇಳದ ಭಾರ ಇವರ ಹೆಗಲಿಗೆ ಬಂತು. ಮಂಜಮ್ಮನವರು ನೆಲೆ ನಿಂತ ಮರಿಯಮ್ಮನಹಳ್ಳಿಯು ರಂಗಭೂಮಿಯ ನಟಿಯರಿಗೆ ಹೆಸರಾದ ಊರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಈಗ ಕುಣಿತದ ಮಾತಿಗೆ ಬರುತ್ತೇನೆ. ಜೋಗತಿ ಕುಣಿತದ ಜೀವಾಳ ಚೌಡಿಕೆ. ಟೊಳ್ಳು ಮರದ ಒಂದು ಬಾಯಿಗೆ ಚರ್ಮ ಬಿಗಿದು, ಅದರ ನಡುವಿನಿಂದ ತಂತಿಯೊಂದನ್ನು ಕೋಲಿನ ತುದಿಯ ಬಿರಡೆಗೆ ಕಟ್ಟಿರುತ್ತಾರೆ. ತಂತಿ ಮೀಟಿದರೆ ನಾದವೂ ಹೊರಡುತ್ತದೆ, ಗತ್ತೂ ಹೊರಡುತ್ತದೆ. ಒಂದೇ ವಾದ್ಯ ಎರಡು ಕೆಲಸ ಮಾಡುತ್ತದೆ. ಜೊತೆಗೆ ಶ್ರುತಿ ಮತ್ತು ತಾಳ. ಕುಣಿಯುವವರು ದೇವಿಯ ಮುಖವಿಟ್ಟು ಸಿಂಗರಿಸಿದ ಕೊಡವನ್ನು ಸಿಂಬಿಯ ಮೇಲೆ ಹೊತ್ತು, ಕೈ ಬಿಟ್ಟು, ಕೂರುತ್ತ ಏಳುತ್ತ ತಿರುಗುತ್ತ ಕುಣಿಯುತ್ತಾರೆ. ನೆಲದ ಮೇಲಿಟ್ಟ ನೋಟನ್ನು ಬಾಗಿ ಬಾಯಿಂದ ಎತ್ತುವ ಚಮತ್ಕಾರಕ್ಕೇ ಜನ ಹೆಚ್ಚು ಚಪ್ಪಾಳೆ ತಟ್ಟುತ್ತಾರೆ. ನನ್ನ ಮಟ್ಟಿಗೆ ಅದು ಈ ಕಲೆಯ ಹಿರಿಮೆಯಲ್ಲ. ಬರಿಯ ಬಿರುಸಿನ ಹೆಜ್ಜೆಯಲ್ಲೂ ಕುತ್ತಿಗೆ ಅಲುಗದಿರುವುದು ಅದಕ್ಕಿಂತ ಕಠಿಣ.

ಈ ಕೊಡ ಎಲ್ಲಿಂದ ಬಂತು? ರೇಣುಕೆಯ ಕಥೆ ಎಲ್ಲರಿಗೂ ಗೊತ್ತಿದೆ. ಜಮದಗ್ನಿಯ ಮಡದಿ ದಿನವೂ ಹೊಳೆಯ ಮರಳಿನಲ್ಲಿ ಕೊಡ ಮಾಡಿ, ಹಾವಿನ ಸಿಂಬಿ ಮಾಡಿ ನೀರು ತರುತ್ತಿದ್ದಳು. ಮನಸ್ಸು ಒಂದು ಗಳಿಗೆ ಚಲಿಸಿತು, ಮರಳು ಕೊಡವಾಗಲಿಲ್ಲ, ಮಗ ಪರಶುರಾಮನ ಕೊಡಲಿ ಮೇಲೆದ್ದಿತು. ರೇಣುಕೆಯ ಕೈಯಲ್ಲಿ ಒಡೆದುಹೋದ ಕೊಡವನ್ನೇ ಜೋಗತಿಯರು ಬೀಳದಂತೆ ಹೊತ್ತು ತೋರಿಸುತ್ತಾರೆ ಎಂದು ನನಗೆ ಅನ್ನಿಸುತ್ತದೆ. ಮನೆಯಿಂದ ಹೊರದೂಡಲ್ಪಟ್ಟವರು ಮನೆಯಿಂದ ಹೊರದೂಡಲ್ಪಟ್ಟವಳ ಕಥೆ ಹಾಡುವುದರಲ್ಲಿ ಆಶ್ಚರ್ಯವಿಲ್ಲ. ಇದು ನನ್ನ ಊಹೆ. ಅಧ್ಯಾಪಕರು ಒಪ್ಪದಿದ್ದರೆ ತಿದ್ದಬೇಕು.

ಮಂಜಮ್ಮನವರ ದೊಡ್ಡ ಕೆಲಸವೆಂದರೆ ಹರಕೆಯ ಅಂಗಳದ ಈ ಕುಣಿತವನ್ನು ರಂಗದ ಮೇಲೆ ತಂದು, ಟಿಕೇಟು ಕೊಂಡವರೂ ನೋಡುವಂತೆ ಮಾಡಿದ್ದು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಆ ಪೀಠವೇರಿದ್ದು ಅದೇ ಮೊದಲು. ಅವರು ಹೇಳಿದ ಜೀವನಕಥೆಯನ್ನು ಅರುಣ್ ಜೋಳದಕೂಡ್ಲಿಗಿಯವರು ‘ನಡುವೆ ಸುಳಿವ ಹೆಣ್ಣು’ ಎಂಬ ಹೆಸರಿನಲ್ಲಿ ಬರಹಕ್ಕೆ ಇಳಿಸಿದ್ದಾರೆ. ದಾಸಿಮಯ್ಯನನ್ನು ಓದಿದವರಿಗೆ ಆ ಹೆಸರಿನ ಮೂಲ ತಿಳಿಯುತ್ತದೆ.

ಕಲೆಯನ್ನು ಹೊಗಳುವಾಗ ಮುತ್ತು ಕಟ್ಟುವುದನ್ನೂ ಹೊಗಳಿದಂತಾಗಬಾರದು. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವುದನ್ನು ನಮ್ಮ ರಾಜ್ಯದ 1982ರ ಕಾಯಿದೆ ನಿಷೇಧಿಸಿದೆ, ಅದು ಸರಿಯೇ. ಇನ್ನು ಜೋಗಪ್ಪಂದಿರ ವಿಷಯದಲ್ಲಿ, ಗಂಡು ಹೆಣ್ಣುಗಳಲ್ಲದ ಮೂರನೆಯ ಲಿಂಗವನ್ನು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಮನ್ನಿಸಿತು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೌಕರಿಗಳಲ್ಲಿ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿತು. ಆದರೆ ನೌಕರಿಗೆ ಅರ್ಜಿ ಹಾಕಬೇಕಾದರೆ ಮೊದಲು ಶಾಲೆ ಮುಗಿಸಬೇಕಲ್ಲ.

ಇಲ್ಲಿ ನನ್ನದೊಂದು ಅರಿಕೆ ಇದೆ. ನನ್ನ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಒಂಬತ್ತನೆಯ ತರಗತಿಯವರೆಗೆ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಲೆಕ್ಕದಲ್ಲಿ ನನಗಿಂತ ಜಾಣ. ಅವನ ನಡಿಗೆಯನ್ನು ಅಣಕಿಸಿ ನಡೆದು ತೋರಿಸುವುದರಲ್ಲಿ ನಾನು ಜಾಣ. ಎಲ್ಲರೂ ನಗುತ್ತಿದ್ದರು. ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಕಳೆದ ಭರತ ಹುಣ್ಣಿಮೆಗೆ ಅವ್ವನನ್ನು ಜಾತ್ರೆಗೆ ಕರೆದುಕೊಂಡು ಹೋಗಿದ್ದೆ. ಜಗ ಹೊತ್ತು ನಿಂತ ಜೋಗತಿಯೊಬ್ಬಳು ಅವ್ವನ ಹಣೆಗೆ ಭಂಡಾರ ಹಚ್ಚಿ, ನನ್ನತ್ತ ತಿರುಗಿದಳು. ನಾನು ತಲೆ ತಗ್ಗಿಸಿದೆ.

“ಯಾಕ, ಗುರುತು ಸಿಗಲಿಲ್ಲೇನು?” ಎಂದಳು.

“ಸಿಕ್ಕೈತಿ” ಎಂದೆ.

“ಎಷ್ಟನೇ ವರ್ಷ ಓದಾಕತ್ತೀ?”

“ಬಿ.ಎ. ಕಡೇ ವರ್ಷ.”

ನನ್ನ ಹಣೆಗೂ ಭಂಡಾರ ಹಚ್ಚಿದಳು. ನಾನು ಆಡಬೇಕೆಂದಿದ್ದ ಮಾತು ಬಾಯಿಗೆ ಬರುವುದರೊಳಗೆ ಮೇಳದವರು ಕೂಗಿದರು. ಅವ್ವ ಅವಳ ಕೈಗೆ ಇಪ್ಪತ್ತು ರೂಪಾಯಿ ಇಟ್ಟಳು. ಅವಳು ಎಣಿಸಿ ಹತ್ತು ಹಿಂದಕ್ಕೆ ಕೊಟ್ಟು, “ಬಸ್ಸಿಗೆ ಇರಲಿ ಯವ್ವಾ” ಎಂದು ಹೇಳಿ ಹೋದಳು.